ಫೋನಿನಿಂದ ಮನೆ ನಡೆಸುವುದು: ನಾಲ್ಕು ಆ್ಯಪ್, ಒಂದು ಹಳೆಯ ಟ್ಯಾಬ್ಲೆಟ್, ಮತ್ತು ಗೋಡೆಯ ಸ್ವಿಚ್ಚು

ಪ್ರಶ್ನೆ: ಒಂದೊಂದಾಗಿ ಕೊಳ್ಳುತ್ತಾ ಹೋಗಿ ಈಗ ಮನೆಯಲ್ಲಿ ಸ್ಮಾರ್ಟ್ ಬಲ್ಬುಗಳು, ಪ್ಲಗ್ಗುಗಳು, ಬಾಗಿಲಿನ ಸೆನ್ಸರ್, ಒಂದು ಕ್ಯಾಮೆರಾ ಸೇರಿಕೊಂಡಿವೆ. ಬೇರೆ ಬೇರೆ ಕಂಪನಿಯವಾದ್ದರಿಂದ ಫೋನಿನಲ್ಲಿ ನಾಲ್ಕು ಆ್ಯಪ್ ಇಟ್ಟುಕೊಂಡಿದ್ದೇನೆ. ಇಂಟರ್ನೆಟ್ ಹೋದಾಗ ಕೆಲವು ಸಾಧನಗಳು ಮಾತು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಮನೆಯ ಹಿರಿಯರಿಗೆ ದೀಪ ಹಾಕಲು ಫೋನ್ ಹುಡುಕುವುದೇ ಕಿರಿಕಿರಿ. ಹಳೆಯ ಟ್ಯಾಬ್ಲೆಟ್ ಒಂದಿದೆ. ಅದನ್ನು ಗೋಡೆಗೆ ಹಾಕಿ ಎಲ್ಲವನ್ನೂ ಅದರಿಂದಲೇ ನಡೆಸಬಹುದೇ? ಹೊರಗಿದ್ದಾಗ ಫೋನಿನಿಂದ ಮನೆಯನ್ನು ನಿಯಂತ್ರಿಸುವುದು ಎಷ್ಟು ಸುರಕ್ಷಿತ?

ಉತ್ತರ: ನಡೆಸಬಹುದು. ಆದರೆ ಟ್ಯಾಬ್ಲೆಟ್ಟಿಗೆ ಮೊಳೆ ಹೊಡೆಯುವ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು. ಸಂಜೆಯಾದರೆ ಯಾವ ದೀಪ ಹತ್ತಬೇಕು, ಬಾಗಿಲು ತೆರೆದರೆ ಏನಾಗಬೇಕು ಎಂಬ ತೀರ್ಮಾನವನ್ನು ನಿಮ್ಮ ಮನೆಯಲ್ಲಿ ಈಗ ಯಾರು ತೆಗೆದುಕೊಳ್ಳುತ್ತಿದ್ದಾರೆ? ಫೋನೇ, ಎಲ್ಲೋ ದೂರದಲ್ಲಿರುವ ಕಂಪನಿಯ ಸರ್ವರೇ, ಮನೆಯೊಳಗಿನ ಯಾವುದಾದರೂ ಪೆಟ್ಟಿಗೆಯೇ? ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವು ಇದಕ್ಕೆ ಉತ್ತರ ಸಿಗದೇ ಹುಟ್ಟಿದವು. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ: ಫೋನೂ ಟ್ಯಾಬ್ಲೆಟ್ಟೂ ರಿಮೋಟ್ ಆಗಿದ್ದರೆ ಚೆನ್ನ, ಯಜಮಾನರಾದರೆ ಕಷ್ಟ. ಮನೆಯಲ್ಲಿ ಒಂದೂ ಫೋನ್ ಇಲ್ಲದಿದ್ದಾಗಲೂ ದೀಪ ಹತ್ತಬೇಕು.

ನೀವು ಆ್ಯಪಿನಲ್ಲಿ ಬಲ್ಬಿನ ಚಿತ್ರ ಒತ್ತಿದಾಗ ಏನಾಗುತ್ತದೆ ಎಂದು ನೋಡಿ. ಅಗ್ಗದ ವೈ-ಫೈ ಬಲ್ಬು, ಪ್ಲಗ್ಗುಗಳ ವಿಷಯದಲ್ಲಿ ಸಾಮಾನ್ಯವಾಗಿ ಆ ಆದೇಶ ಫೋನಿನಿಂದ ರೌಟರಿಗೆ, ಅಲ್ಲಿಂದ ಕಂಪನಿಯ ಸರ್ವರಿಗೆ ಹೋಗುತ್ತದೆ. ಸರ್ವರು ಅದನ್ನು ಮತ್ತೆ ನಿಮ್ಮ ರೌಟರಿನ ಮೂಲಕ ಬಲ್ಬಿಗೆ ಕಳಿಸುತ್ತದೆ. ನೀವೂ ಬಲ್ಬೂ ಒಂದೇ ಕೋಣೆಯಲ್ಲಿದ್ದರೂ ಆದೇಶ ಮಾತ್ರ ಊರು ಸುತ್ತಿ ಬರುತ್ತದೆ. ಇಂಟರ್ನೆಟ್ ಹೋದರೆ ದಾರಿ ಕಡಿಯಿತು. ಇನ್ನು ಕೆಲವು ಸಾಧನಗಳು ಫೋನ್ ಅದೇ ವೈ-ಫೈನಲ್ಲಿದ್ದರೆ ನೇರವಾಗಿ ಮಾತಾಡುತ್ತವೆ, ಹೊರಗೆ ಹೋದಾಗ ಮಾತ್ರ ಸರ್ವರನ್ನು ಬಳಸುತ್ತವೆ. ಇಂಟರ್ನೆಟ್ ಹೋದಾಗಲೂ ಕೇಳುತ್ತಿರುವವು ಈ ಜಾತಿಯವು.

ಯಾವುದು ಯಾವ ಜಾತಿ ಎಂದು ಡಬ್ಬದ ಮೇಲೆ ಹುಡುಕಬೇಡಿ, ಪರೀಕ್ಷೆ ಮಾಡಿ. ರೌಟರ್ ಆರಿಸಬೇಡಿ; ಅದಕ್ಕೆ ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತಿಡಿ, ಮನೆಯ ವೈ-ಫೈ ಹಾಗೇ ಇರಲಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲವಾದರೆ ಆ್ಯಪ್ ಕದ್ದು ಆ ದಾರಿಯಲ್ಲಿ ಹೋಗಿ ನಿಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಈಗ ಒಂದೊಂದೇ ಸಾಧನವನ್ನು ಆ್ಯಪಿನಿಂದ ಒತ್ತಿ ನೋಡಿ. ನೀವು ಹೊಂದಿಸಿಟ್ಟ ಟೈಮರುಗಳು ನಡೆಯುತ್ತವೆಯೇ ಎಂದೂ ಗಮನಿಸಿ. ಆದೇಶ ಸ್ಥಳೀಯವಾಗಿ ಹೋದರೂ ಟೈಮರು ಸರ್ವರಿನಲ್ಲಿ ಕೂತಿರುವ ಸಾಧನಗಳುಂಟು. ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ತೀರ್ಮಾನಕ್ಕೆಲ್ಲ ಆ ಹಾಳೆಯೇ ಆಧಾರ.

ಸರ್ವರನ್ನೇ ನಂಬಿಕೊಂಡರೆ ಏನಾಗಬಹುದು ಎಂಬುದಕ್ಕೆ ಉದಾಹರಣೆಗಳಿವೆ. ರಿವಾಲ್ವ್ ಎಂಬ ಹಬ್ (ಮನೆಯ ಸಾಧನಗಳನ್ನೆಲ್ಲ ಒಂದೆಡೆಯಿಂದ ನಡೆಸುವ ಪೆಟ್ಟಿಗೆ) ತಯಾರಿಸುತ್ತಿದ್ದ ಸಂಸ್ಥೆಯನ್ನು ನೆಸ್ಟ್ ಕೊಂಡುಕೊಂಡಿತು, 2016ರ ಮೇ ತಿಂಗಳಲ್ಲಿ ಅದರ ಸರ್ವರು ನಿಲ್ಲಿಸಿತು. ಕೆಟ್ಟಿರದ ಹಬ್‌ಗಳು ಅವತ್ತಿನಿಂದ ಬರೀ ಪ್ಲಾಸ್ಟಿಕ್ ಪೆಟ್ಟಿಗೆಗಳು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆಯೇ ಇಲ್ಲದೆ ಮೌನವಾದವು. ಕೆಲವು ವಾರಗಳ ನಂತರ ಅದರ ಬಳಕೆದಾರರದ್ದೇ ಒಂದು ಗುಂಪು ಕಂಪನಿಯನ್ನು ಕೊಂಡು ಮತ್ತೆ ಎಬ್ಬಿಸಿತು. ನಮಗೆ ಇಲ್ಲಿ ಬೇಕಾದ ವಿಷಯ ಏನೆಂದರೆ, ಆ ವಾರಗಳಲ್ಲಿ ಫೋನಿನ ಆ್ಯಪ್ ಸತ್ತಿದ್ದರೂ ಗೋಡೆಯ ಸ್ವಿಚ್ಚಿಗೂ ದೀಪಕ್ಕೂ ನೇರ ಜೋಡಣೆ ಇದ್ದ ಮನೆಗಳಲ್ಲಿ ದೀಪ ಹತ್ತುತ್ತಲೇ ಇತ್ತು.

ಆದ್ದರಿಂದ ತೀರ್ಮಾನ ತೆಗೆದುಕೊಳ್ಳುವವರನ್ನು ಮನೆಯೊಳಗೇ ಕೂರಿಸಿ. ಅದಕ್ಕೆ ಹಬ್ ಬೇಕು. ಇದು ದಿನವಿಡೀ ಚಾಲೂ ಇರುವ, ಕಡಿಮೆ ವಿದ್ಯುತ್ ಉಣ್ಣುವ ಒಂದು ಪುಟ್ಟ ಪೆಟ್ಟಿಗೆ. ಆಪಲ್ ಬಳಗದವರಾದರೆ ಹೋಮ್‌ಪಾಡ್ ಅಥವಾ ಆಪಲ್ ಟಿವಿ ಈ ಕೆಲಸ ಮಾಡುತ್ತದೆ. ಹಿಂದೆ ಐಪ್ಯಾಡ್ ಕೂಡ ಮಾಡುತ್ತಿತ್ತು, ಹೊಸ ವ್ಯವಸ್ಥೆಯಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಹಳೆಯ ಐಪ್ಯಾಡನ್ನು ಹಬ್ ಮಾಡಿಕೊಳ್ಳಿ ಎನ್ನುವ ಹಳೆಯ ಸಲಹೆ ಎಲ್ಲಾದರೂ ಕಂಡರೆ ಪಕ್ಕಕ್ಕಿಡಿ. ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಬಳಗಗಳಿಗೂ ಅವುಗಳದ್ದೇ ಹಬ್‌ಗಳಿವೆ. ಕೆಲವು ಸ್ಮಾರ್ಟ್ ಸ್ಪೀಕರುಗಳ ಒಳಗೇ ಹಬ್ ಅಡಗಿರುತ್ತದೆ. ಸ್ವಲ್ಪ ಕೈಕೆಸರು ಮಾಡಿಕೊಳ್ಳಲು ತಯಾರಿರುವವರಿಗೆ ನಾನು ಹೇಳುವುದು ಹೋಮ್ ಅಸಿಸ್ಟೆಂಟ್. 2013ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು. ರಾಸ್ಪ್‌ಬೆರಿ ಪೈನಂಥ ಸಣ್ಣ ಕಂಪ್ಯೂಟರಿನಲ್ಲಿ ಓಡುತ್ತದೆ, ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಆ್ಯಪ್ ಇದೆ, ನಿಮ್ಮ ನಾಲ್ಕು ಕಂಪನಿಗಳ ಸಾಧನಗಳನ್ನು ಒಂದೇ ಪರದೆಗೆ ತರುವ ಸಾಧ್ಯತೆ ಇದರಲ್ಲೇ ಹೆಚ್ಚು. ಆದರೆ ಮೊದಲ ವಾರಾಂತ್ಯ ಅದಕ್ಕೇ ಮೀಸಲು, ಆಮೇಲೂ ಅಪ್‌ಡೇಟ್ ಮಾಡುತ್ತಿರಬೇಕು. ಅದು ಬೇಡವೆನ್ನುವವರು ಸಿದ್ಧ ಹಬ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಬೇರೆ ಬೇರೆ ಕಂಪನಿಗಳ ಜಗಳ ಬಿಡಿಸಲೆಂದೇ ಬಂದದ್ದು ಮ್ಯಾಟರ್. 2019ರ ಡಿಸೆಂಬರ್‌ನಲ್ಲಿ ಅಮೆಜಾನ್, ಆಪಲ್, ಗೂಗಲ್ ಕಂಪನಿಗಳೂ ಜಿಗ್‌ಬೀ ಒಕ್ಕೂಟವೂ ಸೇರಿ ಘೋಷಿಸಿದ ಮಾನದಂಡ ಇದು, ಮೊದಲ ಆವೃತ್ತಿ ಹೊರಬಂದದ್ದು 2022ರ ಅಕ್ಟೋಬರ್‌ನಲ್ಲಿ. ಇದರಲ್ಲಿ ನನಗೆ ಇಷ್ಟವಾದ ಅಂಶಗಳು ಎರಡು. ಮ್ಯಾಟರ್ ಸಾಧನವನ್ನು ಮನೆಯ ಜಾಲದೊಳಗೇ ನಿಯಂತ್ರಿಸಬಹುದು, ಸರ್ವರ್ ಕಡ್ಡಾಯವಲ್ಲ. ಒಂದೇ ಬಲ್ಬನ್ನು ಒಂದಕ್ಕಿಂತ ಹೆಚ್ಚು ವ್ಯವಸ್ಥೆಗಳಿಗೆ ಸೇರಿಸಬಹುದು, ಹಾಗಾಗಿ ಮನೆಯಲ್ಲಿ ಒಬ್ಬರದು ಐಫೋನ್, ಇನ್ನೊಬ್ಬರದು ಆಂಡ್ರಾಯ್ಡ್ ಆದರೂ ಇಬ್ಬರೂ ತಮ್ಮ ತಮ್ಮ ಆ್ಯಪಿನಿಂದಲೇ ಅದನ್ನು ಹತ್ತಿಸಬಹುದು. ಮೊದಲ ಆವೃತ್ತಿಯಲ್ಲಿ ಕ್ಯಾಮೆರಾಗಳಿಗೆ ಜಾಗವಿರಲಿಲ್ಲ. ನಿಮ್ಮ ಕ್ಯಾಮೆರಾ ಸದ್ಯ ಅದರ ಸ್ವಂತ ಆ್ಯಪಿನಲ್ಲೇ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಎಚ್ಚರಿಕೆ: ಮ್ಯಾಟರ್ ಸಾಧನದ ಮೈಮೇಲಿರುವ ಕ್ಯೂಆರ್ ಕೋಡನ್ನು, ಅದರ ಪಕ್ಕದ ಅಂಕಿಗಳನ್ನು ಫೋಟೊ ತೆಗೆದಿಟ್ಟುಕೊಳ್ಳಿ. ರೀಸೆಟ್ ಮಾಡಿದ ದಿನ ಅದು ಬೇಕೇ ಬೇಕು, ಅವತ್ತು ಬಲ್ಬು ಚಾವಣಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿರುತ್ತದೆ.

ಬಾಗಿಲಿನ ಸೆನ್ಸರಿನಂಥ ಪುಟ್ಟ ಬ್ಯಾಟರಿಯ ಸಾಧನಗಳಿಗೆ ವೈ-ಫೈ ಭಾರ. ಅವು ಹೆಚ್ಚಾಗಿ ಜಿಗ್‌ಬೀ ಅಥವಾ ಥ್ರೆಡ್ ಎಂಬ ಕಡಿಮೆ ಶಕ್ತಿಯ ರೇಡಿಯೊ ಬಳಸುತ್ತವೆ. ಜಿಗ್‌ಬೀ ರೇಡಿಯೊ ಮಾಮೂಲಿ ಫೋನುಗಳಲ್ಲಿ ಇರುವುದಿಲ್ಲ, ಹಾಗಾಗಿ ನಡುವೆ ಹಬ್ ಹೇಗೂ ಬೇಕು. ಥ್ರೆಡ್ಡಿಗಾದರೆ ಅದನ್ನು ಮನೆಯ ಜಾಲಕ್ಕೆ ಸೇರಿಸುವ ಬಾರ್ಡರ್ ರೌಟರ್ ಬೇಕು, ಹೊಸ ಹಬ್‌ಗಳಲ್ಲಿ ಅದು ಸೇರಿಯೇ ಬರುವುದುಂಟು.

ಹೊಸ ಸಾಧನವನ್ನು ಫೋನಿಗೆ ಜೋಡಿಸುವಾಗ ಎದುರಾಗುವ ಕಾಟ ಹೆಚ್ಚಾಗಿ ಮೂರು ಕಡೆಯಿಂದ ಬರುತ್ತದೆ. ಬಹಳಷ್ಟು ವೈ-ಫೈ ಸಾಧನಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು; ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಕೂತಿದ್ದರೆ ಕೆಲವು ಆ್ಯಪ್‌ಗಳು ಜೋಡಿಸಲಾಗದೆ ಸುತ್ತುತ್ತಲೇ ಇರುತ್ತವೆ. ಜೋಡಿಸುವಷ್ಟು ಹೊತ್ತು ರೌಟರಿನಲ್ಲಿ 5 ಗಿಗಾಹರ್ಟ್ಸ್ ನಿಲ್ಲಿಸಿದರೆ ಸಾಕು. ಎರಡನೆಯದು ಅನುಮತಿ. 2020ರ ಐಓಎಸ್ 14ರಿಂದ ಈಚೆಗೆ ಆ್ಯಪ್‌ಗಳು ಮನೆಯ ಜಾಲದಲ್ಲಿ ಸಾಧನ ಹುಡುಕಲು ನಿಮ್ಮನ್ನು ಕೇಳಬೇಕು. ಅವಸರದಲ್ಲಿ ಬೇಡ ಎಂದು ಒತ್ತಿಬಿಟ್ಟಿದ್ದರೆ ಆ್ಯಪ್ ಕುರುಡಾಗುತ್ತದೆ, ಏಕೆಂದು ಹೇಳುವುದೂ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಲೋಕಲ್ ನೆಟ್‌ವರ್ಕ್ ಅನುಮತಿ ಕೊಡಿ. ಆಂಡ್ರಾಯ್ಡ್‌ನಲ್ಲಿ ಸಮೀಪದ ಸಾಧನಗಳ ಅನುಮತಿ, ಕೆಲವೊಮ್ಮೆ ಲೊಕೇಶನ್ ಅನುಮತಿ ನೋಡಬೇಕು. ಮೂರನೆಯದು ಗೆಸ್ಟ್ ವೈ-ಫೈ. ಅದರಲ್ಲಿರುವ ಸಾಧನಗಳನ್ನು ರೌಟರು ಸಾಮಾನ್ಯವಾಗಿ ಒಂದಕ್ಕೊಂದು ಕಾಣದಂತೆ ಬೇರ್ಪಡಿಸುತ್ತದೆ. ಬಲ್ಬು ಗೆಸ್ಟ್‌ನಲ್ಲಿ, ಫೋನ್ ಮುಖ್ಯ ಜಾಲದಲ್ಲಿ ಇದ್ದರೆ ಸ್ಥಳೀಯ ನಿಯಂತ್ರಣ ನಡೆಯುವುದಿಲ್ಲ.

ಈಗ ಹಿರಿಯರ ವಿಷಯ. ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ದೂರು ಅದೇ, ನೀವು ಅದನ್ನು ನಡುವೆ ಎಲ್ಲೋ ತುರುಕಿದ್ದೀರಿ. ದೀಪ ಹಾಕಲು ಫೋನಿನ ಬೀಗ ತೆಗೆದು, ಆ್ಯಪ್ ಹುಡುಕಿ, ಅದು ತೆರೆದುಕೊಳ್ಳುವವರೆಗೆ ಕಾದು, ಕೋಣೆ ಆರಿಸಿ ಒತ್ತಬೇಕು ಎನ್ನುವುದು ಸೌಕರ್ಯವಲ್ಲ. ಗೋಡೆಯ ಸ್ವಿಚ್ಚಿಗೆ ಒಂದು ಬೆರಳು ಸಾಕಿತ್ತು. ಅದಕ್ಕಿಂತ ಕಷ್ಟವಾದ ಯಾವ ವ್ಯವಸ್ಥೆಯೂ ಮನೆಯಲ್ಲಿ ಉಳಿಯುವುದಿಲ್ಲ, ಉಳಿಯಲೂ ಬಾರದು.

ಸ್ಮಾರ್ಟ್ ಬಲ್ಬಿನ ಮೂಲ ದೋಷ ಇರುವುದು ಇಲ್ಲೇ. ಯಾರಾದರೂ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆರಿಸಿದರೆ ಬಲ್ಬಿಗೆ ವಿದ್ಯುತ್ತೇ ಇಲ್ಲ, ಆ್ಯಪಿನಲ್ಲಿ ‘ಆಫ್‌ಲೈನ್’. ಆಗ ಮನೆಯವರಿಗೆ ಸ್ವಿಚ್ ಮುಟ್ಟಬೇಡಿ ಎಂದು ಚೀಟಿ ಅಂಟಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಣ್ಣ ಬದಲಿಸುವ ಆಸೆ ಇರುವ ಒಂದೆರಡು ದೀಪಗಳನ್ನು ಬಿಟ್ಟು ಉಳಿದ ಕಡೆ ಮಾಮೂಲಿ ಬಲ್ಬನ್ನೇ ಇಟ್ಟು, ಸ್ವಿಚ್ಚನ್ನು ಸ್ಮಾರ್ಟ್ ಮಾಡಿ. ಹಳೆಯ ಸ್ವಿಚ್ಚಿನ ಹಿಂದೆ ಪೆಟ್ಟಿಗೆಯೊಳಗೆ ಕೂರುವ ಪುಟ್ಟ ರಿಲೇ ಮಾಡ್ಯೂಲುಗಳು ಸಿಗುತ್ತವೆ. ಆಗ ಗೋಡೆಯ ಸ್ವಿಚ್ಚೂ ಕೆಲಸ ಮಾಡುತ್ತದೆ, ಫೋನೂ ಮಾಡುತ್ತದೆ, ಒಂದು ಇನ್ನೊಂದನ್ನು ಕೊಲ್ಲುವುದಿಲ್ಲ. ಇಂಥ ಮಾಡ್ಯೂಲುಗಳಲ್ಲಿ ಬಹುಪಾಲಿಗೆ ಸ್ವಿಚ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ತಂತಿ ಬೇಕು. ಹಳೆಯ ವೈರಿಂಗ್‌ನಲ್ಲಿ ಅಲ್ಲಿ ಫೇಸ್ ಮಾತ್ರ ಇರಬಹುದು. ಕೊಳ್ಳುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ, ಜೋಡಿಸುವ ಕೆಲಸವನ್ನೂ ಅವರಿಗೇ ಬಿಡಿ. ಹಾಸಿಗೆಯ ಪಕ್ಕಕ್ಕೆ ಬೇಕಿದ್ದರೆ ನಾಣ್ಯದಂಥ ಬ್ಯಾಟರಿಯಲ್ಲಿ ನಡೆಯುವ ನಿಸ್ತಂತು ಗುಂಡಿ ಅಂಟಿಸಬಹುದು.

ಇಲ್ಲೇ ಒಂದು ಮಾತು. ಕರೆಂಟ್ ಹೋಗಿ ಬಂದಾಗ ಸಾಧನ ಯಾವ ಸ್ಥಿತಿಗೆ ಮರಳಬೇಕು ಎಂಬ ಆಯ್ಕೆ ಹೆಚ್ಚಿನ ಆ್ಯಪ್‌ಗಳಲ್ಲಿ ಎಲ್ಲೋ ಆಳದಲ್ಲಿ ಇರುತ್ತದೆ. ಅದನ್ನು ಮುಟ್ಟದೇ ಬಿಟ್ಟರೆ ನಡುರಾತ್ರಿ ಕರೆಂಟ್ ಬಂದ ಕೂಡಲೇ ಮಲಗುವ ಕೋಣೆಯ ಬಲ್ಬು ಪೂರ್ಣ ಪ್ರಕಾಶದಲ್ಲಿ ಹತ್ತಿಕೊಳ್ಳಬಹುದು. ದೀಪಕ್ಕೆ ‘ಹಿಂದಿದ್ದ ಸ್ಥಿತಿ’ ಎಂದಿಡಿ. ಹೀಟರಿನಂಥ ಬಿಸಿಯಾಗುವ ಉಪಕರಣವಿರುವ ಪ್ಲಗ್ಗಿಗೆ ಕಡ್ಡಾಯವಾಗಿ ‘ಆಫ್’. ಪ್ಲಗ್ಗಿನ ಮೇಲೆ ಬರೆದಿರುವ ಆಂಪಿಯರ್ ಮಿತಿಯನ್ನು ಉಪಕರಣದ ಲೇಬಲ್ಲಿನೊಂದಿಗೆ ಹೋಲಿಸಿ ನೋಡಿ. ಹತ್ತಿರ ಯಾರೂ ಇಲ್ಲದಾಗ ಬಿಸಿಯಾಗುವ ಯಾವುದನ್ನೂ ಫೋನಿನಿಂದ ಹಾಕಬಾರದು ಎಂಬುದು ನನ್ನ ಕಟ್ಟುನಿಟ್ಟು. ದೂರದಿಂದ ಆರಿಸಲು ಅಡ್ಡಿಯಿಲ್ಲ.

ಇನ್ನು ಟ್ಯಾಬ್ಲೆಟ್. ಗೋಡೆಯ ಫಲಕವಾಗಿ ಅದು ಒಳ್ಳೆಯದೇ: ಫೋನಿನ ಹಾಗೆ ಒಬ್ಬರ ಜೇಬಿನಲ್ಲಿ ಹೊರಗೆ ಹೋಗುವುದಿಲ್ಲ, ಮನೆಯವರೆಲ್ಲರದು. ಆದರೆ ಅದನ್ನೇ ಹಬ್ ಮಾಡುವ ಯೋಚನೆ ಬೇಡ. ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಕೆಲಸಗಳನ್ನು ಕೊಲ್ಲುವುದು ಈ ಸಾಧನಗಳ ಸ್ವಭಾವ.

ಟ್ಯಾಬ್ಲೆಟ್ಟಿನಲ್ಲಿರುವ ಸ್ವಂತ ಖಾತೆ, ಮೇಲ್, ಫೋಟೊ ಎಲ್ಲ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಿ. ಗೋಡೆಗೆ ನೇತುಹಾಕಿದ, ಬೀಗವಿಲ್ಲದ ಪರದೆಯಲ್ಲಿ ನಿಮ್ಮ ಅಂಚೆಪೆಟ್ಟಿಗೆ ಇರಬಾರದು. ಹಬ್‌ನಲ್ಲಿ ಅದಕ್ಕೆಂದೇ ಕಡಿಮೆ ಅಧಿಕಾರದ ಒಂದು ಬಳಕೆದಾರ ಖಾತೆ ತೆರೆಯಿರಿ. ಒಂದೇ ಆ್ಯಪ್ ಪರದೆಯ ಮೇಲೆ ನಿಲ್ಲುವಂತೆ ಕಟ್ಟಿಹಾಕಲು ಐಪ್ಯಾಡ್‌ನಲ್ಲಿ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ ಇದೆ. ಹೋಮ್ ಅಸಿಸ್ಟೆಂಟ್ ಬಳಸುವವರಲ್ಲಿ ಅನೇಕರು ಫುಲ್ಲಿ ಕಿಯಾಸ್ಕ್ ಬ್ರೌಸರ್ ಹಾಕಿಕೊಳ್ಳುತ್ತಾರೆ, ಮುಂದಿನ ಕ್ಯಾಮೆರಾದಲ್ಲಿ ಚಲನೆ ಕಂಡಾಗ ಮಾತ್ರ ಪರದೆ ಬೆಳಗುವಂತೆ ಅದರಲ್ಲಿ ಮಾಡಬಹುದು. ತಯಾರಕರು ಭದ್ರತಾ ಅಪ್‌ಡೇಟ್ ನಿಲ್ಲಿಸಿರುವಷ್ಟು ಹಳೆಯ ಟ್ಯಾಬ್ಲೆಟ್ಟಾದರೆ ಅದನ್ನು ಹಬ್‌ನ ಪುಟಕ್ಕಷ್ಟೇ ಬಳಸಿ. ರೌಟರಿನಲ್ಲಿ ಅದಕ್ಕೆ ಹೊರಗಿನ ಇಂಟರ್ನೆಟ್ ತಡೆಯುವ ಸೌಲಭ್ಯವಿದ್ದರೆ ತಡೆಯಿರಿ.

ಪರದೆಯ ಮೇಲೆ ಏನಿಡಬೇಕು ಎನ್ನುವುದರಲ್ಲಿ ಜಿಪುಣರಾಗಿ. ಕೈಗೆ ಬಂದ ಪ್ರತಿ ಸಾಧನಕ್ಕೂ ಒಂದೊಂದು ಗುಂಡಿ, ತೇವಾಂಶದ ಗ್ರಾಫು, ವೈ-ಫೈ ವೇಗದ ಮೀಟರು ಎಂದು ವಿಮಾನದ ಕಾಕ್‌ಪಿಟ್ ಕಟ್ಟುವ ಚಪಲ ಎಲ್ಲರಿಗೂ ಬರುತ್ತದೆ. ಮನೆಯವರು ದಿನವೂ ಒತ್ತುವುದು ನಾಲ್ಕೈದು ಗುಂಡಿ: ಎಲ್ಲ ಆರಿಸು, ರಾತ್ರಿ ದೀಪ, ಹೊರಗಿನ ದೀಪ, ಫ್ಯಾನು, ಬಾಗಿಲು ಹಾಕಿದೆಯೇ ಎಂಬ ಸೂಚನೆ. ದಪ್ಪ ಅಕ್ಷರದಲ್ಲಿ, ನಿಮ್ಮ ಮನೆಯಲ್ಲಿ ಆ ಕೋಣೆಯನ್ನು ಕರೆಯುವ ಹೆಸರಿನಲ್ಲೇ ಬರೆಯಿರಿ. ಬಾಗಿಲಿನ ಬೀಗ ತೆಗೆಯುವ ಗುಂಡಿಯನ್ನು ಮಾತ್ರ ಗೋಡೆಯ ಟ್ಯಾಬ್ಲೆಟ್ಟಿನಲ್ಲಿ ಇಡಲೇಬೇಡಿ.

ಬ್ಯಾಟರಿಯ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಲಿಥಿಯಂ ಅಯಾನ್ ಬ್ಯಾಟರಿಯನ್ನು ವರ್ಷಗಟ್ಟಲೆ ಶೇ. 100 ಚಾರ್ಜಿನಲ್ಲಿ, ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಬೇಗ ಮುದಿಯಾಗುತ್ತದೆ, ಉಬ್ಬಲೂಬಹುದು. ಚಾರ್ಜಿಗೆ ಮಿತಿ ಹಾಕುವ ಸೆಟ್ಟಿಂಗ್ ಟ್ಯಾಬ್ಲೆಟ್ಟಿನಲ್ಲೇ ಇದ್ದರೆ ಶೇ. 80ಕ್ಕೆ ನಿಲ್ಲಿಸಿ. ಇಲ್ಲವಾದರೆ ನಿಮ್ಮ ಬಳಿ ಇರುವ ಸ್ಮಾರ್ಟ್ ಪ್ಲಗ್ಗಿಗೆ ಒಳ್ಳೆಯ ಉದ್ಯೋಗ ಸಿಕ್ಕಿತು: ಟ್ಯಾಬ್ಲೆಟ್ ತನ್ನ ಬ್ಯಾಟರಿ ಮಟ್ಟವನ್ನು ಹಬ್‌ಗೆ ತಿಳಿಸುತ್ತಿರಲಿ, ಶೇ. 30ಕ್ಕೆ ಇಳಿದಾಗ ಪ್ಲಗ್ ಆನ್, 80ಕ್ಕೆ ಏರಿದಾಗ ಆಫ್. ಬಿಸಿಲು ಬೀಳುವ ಗೋಡೆ, ಒಲೆಯ ಪಕ್ಕ ಬೇಡ. ಪರದೆಯ ಅಂಚು ಮೇಲೆದ್ದಂತೆ ಕಂಡರೆ, ಹಿಂಬದಿ ಉಬ್ಬಿದ್ದರೆ ಅವತ್ತೇ ಇಳಿಸಿ. ಅದನ್ನು ಒತ್ತುವುದು, ಚುಚ್ಚುವುದು, ಕಸದ ಬುಟ್ಟಿಗೆ ಹಾಕುವುದು ಎಲ್ಲವೂ ಅಪಾಯ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಹೊರಗಿನಿಂದ ನಿಯಂತ್ರಣದ ಸುರಕ್ಷತೆ ಕೇಳಿದ್ದೀರಿ. ನೀವು ಯಾವ ಬಾಗಿಲಿನಿಂದ ಒಳಗೆ ಬರುತ್ತೀರಿ ಎನ್ನುವುದರ ಮೇಲೆ ಅದು ನಿಂತಿದೆ. ರೌಟರಿನಲ್ಲಿ ಪೋರ್ಟ್ ತೆರೆದು ಕ್ಯಾಮೆರಾವನ್ನೋ ಹಬ್ಬನ್ನೋ ನೇರವಾಗಿ ಇಂಟರ್ನೆಟ್ಟಿಗೆ ತೋರಿಸುವುದು ಅತ್ಯಂತ ಕೆಟ್ಟ ದಾರಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು ಹೀಗೆ ಹೊರಗೆ ತೆರೆದುಕೊಂಡಿದ್ದ ಕ್ಯಾಮೆರಾ, ವಿಡಿಯೊ ರೆಕಾರ್ಡರು, ರೌಟರುಗಳ ಮೇಲೆ. ಅದು ಪ್ರಯತ್ನಿಸಿದ್ದು ಕಾರ್ಖಾನೆಯಿಂದಲೇ ಬರುವ ಹೆಸರು, ಪಾಸ್‌ವರ್ಡುಗಳನ್ನಷ್ಟೇ. ಅಷ್ಟರಿಂದಲೇ ವಶವಾದ ಸಾಧನಗಳ ಸೈನ್ಯ ಆ ವರ್ಷದ ಅಕ್ಟೋಬರ್ 21ರಂದು, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ಎರಗಿದಾಗ ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಸುಲಭವಾಗಿ ಊಹಿಸಬಹುದಾದ ಇಂಥ ಪಾಸ್‌ವರ್ಡ್ ಇಟ್ಟು ಸಾಧನ ಮಾರುವುದೇ ಕಾನೂನಿಗೆ ವಿರುದ್ಧ. ನಿಮ್ಮ ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿದ್ದೀರಾ? ಇಲ್ಲವಾದರೆ ಮುಂದೆ ಓದುವ ಮೊದಲು ಅದನ್ನು ಮಾಡಿ.

ಒಳ್ಳೆಯ ದಾರಿಗಳು ಎರಡು. ಕಂಪನಿಯ ಅಥವಾ ಹಬ್‌ನ ಅಧಿಕೃತ ದೂರಸಂಪರ್ಕ ಸೇವೆ ಬಳಸಿ, ಆ ಖಾತೆಗೆ ಎರಡು ಹಂತದ ದೃಢೀಕರಣ ಹಾಕುವುದು ಒಂದು. ವೈರ್‌ಗಾರ್ಡ್‌ನಂಥ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಗುಪ್ತ ಸುರಂಗ) ಮೂಲಕ ಫೋನನ್ನು ಮನೆಯ ಜಾಲದೊಳಗೇ ತಂದುಕೊಳ್ಳುವುದು ಇನ್ನೊಂದು. ಎರಡನೆಯದು ನನಗೆ ಹೆಚ್ಚು ಇಷ್ಟ, ಆದರೆ ಮೊದಲನೆಯದನ್ನು ಸರಿಯಾಗಿ ಮಾಡಿದರೂ ಸಾಕು. ಯಾವ ದಾರಿಯಾದರೂ ಕೊನೆಗೆ ಕೀಲಿಕೈ ನಿಮ್ಮ ಫೋನೇ. ಪರದೆಗೆ ಬೀಗ ಇರಲಿ. ಬೀಗ ತೆಗೆಯದೆಯೇ ಸಾಧನ ನಿಯಂತ್ರಿಸುವ ಸೌಲಭ್ಯ ಈಗಿನ ಫೋನುಗಳಲ್ಲಿದೆ. ದೀಪಕ್ಕೆ ಪರವಾಗಿಲ್ಲ, ಬಾಗಿಲಿಗೆ ಬೇಡ. ಮನೆಯವರೆಲ್ಲ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವ ಬದಲು ಒಬ್ಬೊಬ್ಬರಿಗೂ ಖಾತೆ ಮಾಡಿಕೊಡಿ. ಒಬ್ಬರ ಫೋನ್ ಕಳೆದರೆ ಬೇರೊಂದು ಫೋನಿನಿಂದ ಅವರ ಲಾಗಿನ್ ಒಂದನ್ನೇ ತೆಗೆದುಹಾಕಬಹುದು.

ಫೋನ್ ಮನೆ ಸಮೀಪಿಸಿದಾಗ ದೀಪ ಹತ್ತುವ ಜಿಯೊಫೆನ್ಸಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ಆ್ಯಪ್‌ಗಳು ಅದನ್ನು ಮುಂದೆ ತಳ್ಳುತ್ತಲೇ ಇರುತ್ತವೆ. ಆಂಡ್ರಾಯ್ಡ್ ಅಭಿವೃದ್ಧಿಕಾರರಿಗೆ ಗೂಗಲ್ ಹೇಳುವುದೇ ಇದಕ್ಕಾಗಿ ಮನೆಯ ಸುತ್ತ ಎಳೆಯುವ ಕಾಲ್ಪನಿಕ ವೃತ್ತದ ತ್ರಿಜ್ಯ ಕನಿಷ್ಠ 100ರಿಂದ 150 ಮೀಟರ್ ಇರಲಿ ಎಂದು. ಫೋನ್ ಬಹಳ ಹೊತ್ತು ಅಲುಗಾಡದೆ ಇದ್ದರೆ ಸೂಚನೆ ಆರು ನಿಮಿಷದವರೆಗೂ ತಡವಾಗಬಹುದು. ಹಾಗಾಗಿ ಹೊರಗಿನ ದೀಪ ಹಾಕಲು ಇದು ಸರಿ. ‘ಎಲ್ಲರೂ ಹೊರಟರು, ಎಲ್ಲ ಆರಿಸು’ ಎಂಬ ನಿಯಮಕ್ಕೆ ಫೋನೊಂದನ್ನೇ ಸಾಕ್ಷಿ ಮಾಡಿಕೊಂಡರೆ ಫೋನಿಲ್ಲದ ಅತಿಥಿ, ಮಗು, ಅಜ್ಜಿ ಕತ್ತಲಲ್ಲಿ ಕೂರಬೇಕಾಗುತ್ತದೆ. ಅದಕ್ಕೆ ಕೋಣೆಯಲ್ಲೇ ಚಲನೆಯ ಸೆನ್ಸರ್ ಬೇಕು.

ಈಗಿರುವ ಸಾಧನಗಳನ್ನು ಎಸೆಯಬೇಕಿಲ್ಲ. ಹಬ್ ತಂದು ಮೊದಲು ಬಾಗಿಲಿನ ಸೆನ್ಸರನ್ನೂ ದಿನವೂ ಬಳಸುವ ಎರಡು ದೀಪಗಳನ್ನೂ ಅದಕ್ಕೆ ಸೇರಿಸಿ ಕೆಲವು ದಿನ ನೋಡಿ. ಹಾಳೆಯಲ್ಲಿ ‘ಇಂಟರ್ನೆಟ್ ಬೇಕೇ ಬೇಕು’ ಎಂದು ಗುರುತಾದವು ಮುಖ್ಯವಲ್ಲದ ಜಾಗಕ್ಕೆ ಹೋಗಲಿ, ಅಲಂಕಾರದ ದೀಪಕ್ಕೋ ಟ್ಯಾಬ್ಲೆಟ್ಟಿನ ಚಾರ್ಜರಿಗಲ್ಲದ ಬೇರೆ ಸಣ್ಣ ಕೆಲಸಕ್ಕೋ. ಕೆಟ್ಟಾಗ ಅವುಗಳ ಬದಲಿಗೆ ಮ್ಯಾಟರ್ ಗುರುತಿರುವುದನ್ನು ತನ್ನಿ. ಬೇರೆಯವರಿಗೆ ಕೊಡುವುದಾದರೆ ಮೊದಲು ಆ್ಯಪಿನಿಂದ ತೆಗೆದು, ಆಮೇಲೆ ಸಾಧನವನ್ನೇ ರೀಸೆಟ್ ಮಾಡಿ ಕೊಡಿ. ನಿಮ್ಮ ವೈ-ಫೈ ಪಾಸ್‌ವರ್ಡ್ ಅದರ ಹೊಟ್ಟೆಯಲ್ಲೇ ಇರುತ್ತದೆ.